ಮೋಡ ಹೊಕ್ಕ ನ್ಯೂಪೋರ್ಟ್: 1960ರ ಒಂದು ಟಿವಿ ನಾಟಕವನ್ನು ಬಿಚ್ಚಿ ನೋಡಿದರೆ

ಮೊದಲ ಮಹಾಯುದ್ಧದ ಪೈಲಟ್ ಒಬ್ಬ ದಾರಿ ತಪ್ಪಿ, ಜೆಟ್ ವಿಮಾನಗಳು ಸಾಲಾಗಿ ನಿಂತಿರುವ ವಾಯುನೆಲೆಯೊಂದರಲ್ಲಿ ಬಂದು ಇಳಿಯುತ್ತಾನೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಈ ಎಳೆಯಿಂದ ರಿಚರ್ಡ್ ಮ್ಯಾಥೆಸನ್ ನೇಯ್ದ ನಾಟಕವೇ 'ದಿ ಲಾಸ್ಟ್ ಫ್ಲೈಟ್'. ಅಮೆರಿಕದ ಸಿಬಿಎಸ್ ವಾಹಿನಿ 1960ರ ಫೆಬ್ರವರಿ 5ರಂದು 'ದಿ ಟ್ವೈಲೈಟ್ ಝೋನ್' ಸರಣಿಯ ಮೊದಲ ವರ್ಷದ 18ನೇ ಕಂತಾಗಿ ಇದನ್ನು ಪ್ರಸಾರ ಮಾಡಿತು. ಜಾಹೀರಾತು ಕಳೆದರೆ ಉಳಿಯುವುದು ಸುಮಾರು 25 ನಿಮಿಷ. ಅಷ್ಟರಲ್ಲಿ ಒಂದು ಹೇಡಿತನ, ಒಂದು ಪ್ರಾಣದಾನ, 42 ವರ್ಷಗಳ ಅಂತರ, ಎಲ್ಲ ಬಂದುಹೋಗುತ್ತವೆ.

ಇಡೀ ನಾಟಕದಲ್ಲಿ ನಂಬಲಾಗದ ಸಂಗತಿ ಒಂದೇ: ಒಂದು ಬಿಳಿ ಮೋಡ. ಮಿಕ್ಕಿದ್ದೆಲ್ಲ ಗುರುತಿನ ಚೀಟಿ, ದರ್ಜೆ, ತಾರೀಖು, ಕಚೇರಿಯ ಮೇಜು. ಖೋಟಾ ನಾಣ್ಯ ಒಂದನ್ನು ಚಲಾವಣೆ ಮಾಡಬೇಕಾದರೆ ಜೊತೆಗಿರುವ ನಾಣ್ಯಗಳು ಅಸಲಿಯಾಗಿರಬೇಕು. ಇಲ್ಲಿನ ಮಿಕ್ಕ ನಾಣ್ಯಗಳು ಎಷ್ಟು ಅಸಲಿ ಎಂದು ಉಜ್ಜಿ ನೋಡುವುದೇ ಈ ಲೇಖನದ ಕೆಲಸ. ಕೊನೆಯ ದೃಶ್ಯದವರೆಗೂ ಕಥೆ ಹೇಳಲೇಬೇಕಾಗುತ್ತದೆ. ನೋಡದೆ ಇದ್ದವರು ಮೊದಲು ನೋಡಿ ಬರುವುದು ಒಳ್ಳೆಯದು.

ಕಥೆ ಹೀಗಿದೆ. 1917ರ ಮಾರ್ಚ್ 5. ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನ ಟೆರೆನ್ಸ್ ಡೆಕರ್ ತನ್ನ ಪುಟ್ಟ ನ್ಯೂಪೋರ್ಟ್ ಬೈಪ್ಲೇನ್‌ನಲ್ಲಿ, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಗಳ ವಿಮಾನದಲ್ಲಿ, ಮೋಡದೊಳಗೆ ನುಗ್ಗಿ ಹೊರಬಂದು, ಫ್ರಾನ್ಸ್‌ನಲ್ಲಿರುವ ಅಮೆರಿಕನ್ ವಾಯುನೆಲೆಯಲ್ಲಿ ಇಳಿಯುತ್ತಾನೆ. ಅಲ್ಲಿ 1959ರ ಮಾರ್ಚ್ 5. ಮೇಜರ್ ವಿಲ್ಸನ್ ಅವನನ್ನು ಮೇಜರ್ ಜನರಲ್ ಹಾರ್ಪರ್ ಮುಂದೆ ನಿಲ್ಲಿಸುತ್ತಾನೆ, ಜೇಬಿನಲ್ಲಿದ್ದ ವಸ್ತುಗಳು ಮೇಜಿನ ಮೇಲೆ ಬರುತ್ತವೆ. ಅದೇ ದಿನ ನೆಲೆಯ ತಪಾಸಣೆಗೆ ಬ್ರಿಟನ್ನಿನ ಏರ್ ವೈಸ್ ಮಾರ್ಷಲ್ ಮೆಕೇ ಬರುವವರಿದ್ದಾರೆ. ಡೆಕರ್ ಬೆಚ್ಚುತ್ತಾನೆ: ಮೆಕೇ ಸತ್ತಿರಬೇಕಲ್ಲ! ತಾನು ಸ್ವಲ್ಪ ಹೊತ್ತಿನ ಹಿಂದಷ್ಟೇ ಅವನನ್ನು ಏಳು ಜರ್ಮನ್ ವಿಮಾನಗಳ ನಡುವೆ ಬಿಟ್ಟು ಓಡಿಬಂದಿದ್ದೇನೆ. ಆಮೇಲೆ ವಿಲ್ಸನ್ ಒಬ್ಬನೇ ಇರುವಾಗ ಡೆಕರ್ ಒಪ್ಪಿಕೊಳ್ಳುತ್ತಾನೆ: ತಾನು ಹೇಡಿ, ಯುದ್ಧವನ್ನು ತಪ್ಪಿಸಿಕೊಂಡೇ ದಿನ ನೂಕಿದವನು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಮೆಕೇ ನೂರಾರು ಜೀವ ಉಳಿಸಿದರೆಂದು ಗೊತ್ತಾದಾಗ ಲೆಕ್ಕ ಅವನಿಗೇ ಹೊಳೆಯುತ್ತದೆ. ಮೆಕೇ ಬದುಕಿದ್ದಾನೆ ಎಂದರೆ ಯಾರೋ ಕಾಪಾಡಿರಬೇಕು. ಆ ಆಕಾಶದಲ್ಲಿ ತನ್ನ ಹೊರತು ಇನ್ಯಾರೂ ಇರಲಿಲ್ಲ.

ಇಷ್ಟನ್ನು ಟಿವಿಯಲ್ಲಿ ತೋರಿಸಲು ಆಗಿನ ಕಾಲಕ್ಕೆ ಏನೆಲ್ಲ ಅಡ್ಡಿಯಿತ್ತು ಎಂಬುದೂ ಕಥೆಯಷ್ಟೇ ಸ್ವಾರಸ್ಯದ್ದು. 1950ರ ದಶಕದ ಅಮೆರಿಕನ್ ಟಿವಿ ನಾಟಕಗಳಲ್ಲಿ ಬಹುಪಾಲು ನೇರ ಪ್ರಸಾರ. ಸ್ಟುಡಿಯೋದಲ್ಲಿ ನಟರು ಒಂದು ಸೆಟ್‌ನಿಂದ ಇನ್ನೊಂದಕ್ಕೆ ಓಡುತ್ತಿದ್ದರು, ಮಾತು ಮರೆತರೆ ದೇಶವೇ ನೋಡುತ್ತಿತ್ತು. ಮರುಪ್ರಸಾರ ಬೇಕೆಂದರೆ ಎಲ್ಲರನ್ನೂ ಕರೆಸಿ ನಾಟಕವನ್ನು ಮತ್ತೆ ಆಡಿಸಬೇಕಿತ್ತು. 'ಟ್ವೈಲೈಟ್ ಝೋನ್' ಹುಟ್ಟುಹಾಕಿದ ರಾಡ್ ಸರ್ಲಿಂಗ್‌ಗೆ ಹೆಸರು ತಂದ 'ಪ್ಯಾಟರ್ನ್ಸ್' 1955ರ ಜನವರಿಯಲ್ಲಿ ಪ್ರಸಾರವಾಗಿ, ನಾಲ್ಕೇ ವಾರದಲ್ಲಿ ಹಾಗೆ ಎರಡನೇ ಸಲ ನೇರವಾಗಿ ನಡೆಯಿತು. ಉಳಿಸಿಕೊಳ್ಳಲು ಇದ್ದ ಮುಖ್ಯ ದಾರಿ ಕಿನೆಸ್ಕೋಪ್, ಅಂದರೆ ಟಿವಿ ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ತೆಗೆದ ಮಸುಕು ಪ್ರತಿ. ಆ ಪದ್ಧತಿಯಲ್ಲಿ ಓಡುಹಾದಿಗೆ ವಿಮಾನ ಇಳಿಸುವುದು ದೂರದ ಮಾತು. 1959ರ ಅಕ್ಟೋಬರ್ 2ರಂದು ಶುರುವಾದ ಈ ಸರಣಿ 35 ಎಂಎಂ ಫಿಲ್ಮ್‌ನಲ್ಲಿ ಚಿತ್ರೀಕರಣವಾಗುತ್ತಿತ್ತು. ಹಾಗಾಗಿಯೇ ನಿರ್ದೇಶಕ ವಿಲಿಯಂ ಕ್ಲಾಕ್ಸ್‌ಟನ್ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಹತ್ತಿರದ ನಾರ್ಟನ್ ವಾಯುನೆಲೆಗೇ ತಂಡವನ್ನು ಕರೆದೊಯ್ದು, ನಿಜವಾದ ಕಾಂಕ್ರೀಟಿನ ಮೇಲೆ ನಿಜವಾದ ಹಳೇ ವಿಮಾನವನ್ನು ಇಳಿಸಲು ಸಾಧ್ಯವಾಯಿತು.

ಆದರೂ ಇದು ನಾಟಕವೇ. ಬಹುಪಾಲು ಹೊತ್ತು ನಾಲ್ಕು ಗೋಡೆಗಳ ನಡುವೆ ಮೂರು ನಾಲ್ಕು ಜನ ಮಾತಾಡುತ್ತಾರೆ, ಅಷ್ಟೆ. ಡೆಕರ್ ಪಾತ್ರಕ್ಕೆ ಬಂದ ಕೆನೆತ್ ಹೇಗ್ ಕೂಡ ರಂಗಭೂಮಿಯವರು. 1956ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ 'ಲುಕ್ ಬ್ಯಾಕ್ ಇನ್ ಆ್ಯಂಗರ್'ನ ಜಿಮ್ಮಿ ಪೋರ್ಟರ್ ಪಾತ್ರವನ್ನು ಮೊದಲು ಆಡಿದವರು. ಅಲ್ಲಿ ಉರಿದುಬಿದ್ದ ಅದೇ ದನಿ ಇಲ್ಲಿ ತಪ್ಪೊಪ್ಪಿಗೆಗೆ ಇಳಿಯುತ್ತದೆ.

ಮೋಡವನ್ನೇ ಏಕೆ ಆರಿಸಿದರು

ಕಾಲದ ಬಾಗಿಲಾಗಿ ಮ್ಯಾಥೆಸನ್ ಯಂತ್ರ ತರಲಿಲ್ಲ, ಮಿಂಚು ಹೊಡೆಸಲಿಲ್ಲ, ಮೋಡ ತಂದರು. ಖರ್ಚು ಕಡಿಮೆ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡದು, 1917ರ ಪೈಲಟ್‌ಗೆ ಮೋಡ ನಿಜಕ್ಕೂ ಲೋಕದ ಅಂಚು. ಅವನ ಮುಂದೆ ದಿಕ್ಸೂಚಿ, ಎತ್ತರ ಮಾಪಕ, ವೇಗ ಮಾಪಕ, ಎಂಜಿನ್ ಸುತ್ತು ತೋರಿಸುವ ಮುಳ್ಳು ಇದ್ದವು. ವಿಮಾನ ಎಷ್ಟು ವಾಲಿದೆ ಎಂದು ಹೇಳುವ ಕೃತಕ ಕ್ಷಿತಿಜ ಇರಲಿಲ್ಲ. ಪೂರ್ತಿ ಉಪಕರಣಗಳನ್ನೇ ನಂಬಿ, ಹೊರಗೆ ನೋಡದೆ ಹಾರಿ ಇಳಿಯಬಹುದೆಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ತೋರಿಸಿದ್ದು 1929ರಲ್ಲಿ.

ಹೊರಗೆ ಏನೂ ಕಾಣದಿದ್ದಾಗ ಕೆಡುವುದು ವಿಮಾನವಲ್ಲ, ಕಿವಿ. ಒಳಗಿವಿಯ ಅರೆವೃತ್ತ ನಾಳಗಳಲ್ಲಿರುವ ದ್ರವ ತಿರುವಿನ ಆರಂಭವನ್ನು ಹೇಳುತ್ತದೆ. ತಿರುವು ಒಂದೇ ಸಮನೆ ಕೆಲವು ಸೆಕೆಂಡು ಮುಂದುವರಿದರೆ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಗ ವಾಲಿದ ವಿಮಾನ ನೆಟ್ಟಗಿದೆ ಎಂದೇ ದೇಹ ಹೇಳುತ್ತದೆ. ಪೈಲಟ್ ಸರಿಪಡಿಸಹೊರಟರೆ ಎದುರು ಬದಿಗೆ ವಾಲಿದಂತೆ ಅನ್ನಿಸಿ, ಮತ್ತೆ ಮೊದಲಿನ ವಾಲಿಗೇ ಮರಳುತ್ತಾನೆ. ಮೂಗು ಕೆಳಗಾಗುತ್ತದೆ, ವೇಗ ಏರುತ್ತದೆ, ಗಾಬರಿಯಲ್ಲಿ ವಿಮಾನ ನಡೆಸುವ ಕೋಲನ್ನು ಎಳೆದುಕೊಂಡಷ್ಟೂ ಸುರುಳಿ ಬಿಗಿಯಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆದರು. ಉಪಕರಣ ಹಾರಾಟದ ತರಬೇತಿಯಿಲ್ಲದ 20 ಮಂದಿಗೆ ಹೊರಗಿನ ನೋಟ ಮುಚ್ಚಿ ಹಾರಿಸಿದಾಗ, ಹಿಡಿತ ತಪ್ಪಲು ಹಿಡಿದ ಸರಾಸರಿ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಹಾಗಾಗಿ ಅಂದಿನ ಪೈಲಟ್‌ಗಳು ಮೋಡವನ್ನು ಮರೆಯಾಗಿ ಬಳಸುತ್ತಿದ್ದರು, ನುಗ್ಗಿ ಬೇಗನೆ ಹೊರಬರುತ್ತಿದ್ದರು. ಹಿಂಬಾಲಿಸಿ ಬಂದವನಿಗೆ ಕಂಡದ್ದು 'ಒಳಗೆ ಹೋದ' ಎಂಬುದಷ್ಟೆ. ಅಲ್ಲಿಂದಾಚೆ ಏನಾಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಟಕ ತನ್ನ ಖೋಟಾ ನಾಣ್ಯವನ್ನು ಸಾಕ್ಷಿಯೇ ಇಲ್ಲದ ಈ ಜಾಗದಲ್ಲಿ ಚಲಾಯಿಸಿದೆ. ಜಾಣತನ ಅಂದರೆ ಇದು.

ವಿಮಾನ: ಅಸಲಿ, ಆದರೆ ಬೇರೆಯವರದು

ತೆರೆಯ ಮೇಲೆ ಕಾಣುವುದು ನ್ಯೂಪೋರ್ಟ್ 28. ಮಾದರಿಯಲ್ಲ, ಅಸಲಿ ಯಂತ್ರ. ಅದರ ಒಡೆಯ ಮತ್ತು ಹಾರಿಸಿದವರು ಹಾಲಿವುಡ್‌ನ ಹೆಸರಾಂತ ಸಾಹಸಿ ಪೈಲಟ್ ಫ್ರ್ಯಾಂಕ್ ಟಾಲ್‌ಮನ್. ರೆಕ್ಕೆಯ ಹರವು 8 ಮೀಟರಿಗಿಂತ ಚೂರು ಹೆಚ್ಚು, ಉದ್ದ ಆರೂವರೆ ಮೀಟರಿನಷ್ಟು. ಮೂಗಿನ ಎಡಬದಿಯನ್ನು ಗಮನಿಸಿ: ನ್ಯೂಪೋರ್ಟ್ 28ರಲ್ಲಿ ಎರಡು ವಿಕರ್ಸ್ ಮೆಷಿನ್ ಗನ್‌ಗಳೂ ಎಡಕ್ಕೇ ಜರುಗಿದ್ದವು, ಒಂದು ಮೂತಿಯ ಮೇಲೆ, ಇನ್ನೊಂದು ಪಕ್ಕಕ್ಕೆ.

ಅದರ ಎಂಜಿನ್ 160 ಅಶ್ವಶಕ್ತಿಯ, 9 ಸಿಲಿಂಡರಿನ ನೋಮ್ ರೋಟರಿ. ರುಬ್ಬುವ ಕಲ್ಲಿನಲ್ಲಿ ಒರಳು ನಿಂತಿರುತ್ತದೆ, ಗುಂಡು ತಿರುಗುತ್ತದೆ; ವೆಟ್ ಗ್ರೈಂಡರಿನಲ್ಲಿ ಒರಳೇ ತಿರುಗುತ್ತದೆ. ರೋಟರಿ ಎಂಜಿನ್ ಅಂದರೆ ವೆಟ್ ಗ್ರೈಂಡರ್. ಕ್ರ್ಯಾಂಕ್‌ಶಾಫ್ಟನ್ನು ವಿಮಾನದ ಮೈಗೆ ಬಿಗಿದಿರುತ್ತಾರೆ, ಸಿಲಿಂಡರುಗಳೆಲ್ಲ ಪ್ರೊಪೆಲ್ಲರ್ ಜೊತೆ ಗಿರ್ರನೆ ತಿರುಗುತ್ತವೆ. ತಿರುಗುವುದರಿಂದ ಗಾಳಿ ತಾಗಿ ತಾನೇ ತಂಪಾಗುತ್ತದೆ, ಹಗುರವೂ ಆಗುತ್ತದೆ. ಬದಲಿಗೆ ಅಷ್ಟು ತೂಕದ ಬುಗುರಿಯೊಂದು ಮೂಗಿನಲ್ಲಿ ಸುತ್ತುತ್ತಿರುವುದರಿಂದ, ಪಕ್ಕಕ್ಕೆ ತಿರುಗಿಸಿದರೆ ಮೂಗು ಮೇಲೋ ಕೆಳಗೋ ಎಳೆಯುತ್ತದೆ.

ಎಣ್ಣೆಗೆ ಹರಳೆಣ್ಣೆ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಈ ಎಂಜಿನ್ನಿಗೆ ಒಗ್ಗುತ್ತಿತ್ತು. ಆದರೆ ಒಮ್ಮೆ ಒಳಹೋದ ಎಣ್ಣೆ ವಾಪಸು ತೊಟ್ಟಿಗೆ ಬರುತ್ತಿರಲಿಲ್ಲ, ಹೊಗೆಯೊಂದಿಗೆ ಮಂಜಾಗಿ ಪೈಲಟ್‌ನ ಮುಖಕ್ಕೇ ರಾಚುತ್ತಿತ್ತು. ಎರಡು ಗಂಟೆ ಹರಳೆಣ್ಣೆ ನುಂಗಿದವನ ಹೊಟ್ಟೆಯ ಪಾಡೇನು ಎಂದು ನಮ್ಮ ಅಜ್ಜಿಯರ ಕೈಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ನೋಮ್ ಎಂಜಿನ್ನಿಗೆ ನಾವು ತಿಳಿದಂಥ ಥ್ರಾಟಲ್ ಇರಲಿಲ್ಲ. ಇಳಿಯುವಾಗ ಶಕ್ತಿ ತಗ್ಗಿಸಲು ಪೈಲಟ್ ಕೆಲವು ಸಿಲಿಂಡರುಗಳ ಕಿಡಿಯನ್ನು ಸ್ವಿಚ್ಚಿನಿಂದ ಕಡಿದು, ಮತ್ತೆ ಕೊಟ್ಟು, ಮತ್ತೆ ಕಡಿಯುತ್ತಿದ್ದ. ಹಳೇ ವಿಮಾನಗಳು ಇಳಿಯುವಾಗ ಎಂಜಿನ್ ಬಿಕ್ಕಳಿಸಿದಂತೆ ಕೇಳುವುದು ಇದರಿಂದಲೇ. ಕಿಡಿ ನಿಂತರೂ ಪೆಟ್ರೋಲ್ ಹರಿಯುತ್ತಲೇ ಇರುವುದರಿಂದ ಉರಿಯದ ಇಂಧನ ಮೂತಿಯ ಮುಚ್ಚಳದೊಳಗೆ ಸೇರಿಕೊಳ್ಳುತ್ತದೆ. ತಡವಾಗಿ ಕಿಡಿ ಕೊಟ್ಟರೆ ಬೆಂಕಿ. ಈ ವಿಮಾನದ ಇನ್ನೊಂದು ದೋಷವೂ ಕುಖ್ಯಾತ: ಕಡಿದಾದ ಧುಮುಕಿನಿಂದ ಮೇಲೆತ್ತುವಾಗ ಮೇಲಿನ ರೆಕ್ಕೆಯ ಮುಂಗಡೆಯ ಪ್ಲೈವುಡ್ ಕಿತ್ತು, ಬಟ್ಟೆ ಹರಿದು ಹಾರಿಹೋಗುತ್ತಿತ್ತು. ಶತ್ರುಗಳ ಮೇಲೆ ಎರಗಲು ಹೊರಟವನಿಗೆ ಇದು ಸಣ್ಣ ವಿಷಯವಲ್ಲ.

ನಾಟಕದಲ್ಲಿ ಡೆಕರ್ ಕಾವಲನ್ನು ತಪ್ಪಿಸಿಕೊಂಡು ಓಡಿ ವಿಮಾನ ಏರುತ್ತಾನಲ್ಲ, ಆ ಓಟವನ್ನು ನೋಡುವಾಗ ರೋಟರಿ ಎಂಜಿನ್ ಶುರುಮಾಡುವ ಕ್ರಮ ನೆನಪಿನಲ್ಲಿರಲಿ. ಮೊದಲು ಚಕ್ರಗಳಿಗೆ ಅಡ್ಡಗಟ್ಟೆ. ಸ್ವಿಚ್ ಆಫ್ ಇರುವಾಗ ಮೆಕ್ಯಾನಿಕ್ ಸಿಲಿಂಡರುಗಳಿಗೆ ಚೂರು ಚೂರು ಪೆಟ್ರೋಲ್ ಪಿಚಕಾರಿಯಿಂದ ಬಿಟ್ಟು, ಪ್ರೊಪೆಲ್ಲರನ್ನು ಕೈಯಿಂದ ಕೆಲವು ಸುತ್ತು ತಿರುಗಿಸುತ್ತಾನೆ. ಆಮೇಲೆ ಪೈಲಟ್ ಸ್ವಿಚ್ ಹಾಕಿದ್ದೇನೆಂದು ಕೂಗಿ ಹೇಳಿದ ಮೇಲೆ ಜೋರಾಗಿ ಬೀಸಿ ಹಿಂದೆ ಸರಿಯುತ್ತಾನೆ. ಎಂಜಿನ್ ಹಿಡಿದ ಕೂಡಲೆ ಬಹುತೇಕ ಪೂರ್ತಿ ಶಕ್ತಿಯಲ್ಲೇ ಓಡುವುದರಿಂದ, ಗಟ್ಟೆ ತೆಗೆಯುವ ತನಕ ವಿಮಾನವನ್ನು ಹಿಡಿದುಕೊಳ್ಳಲು ಆಳುಗಳು ಬೇಕು. ಒಬ್ಬನೇ ಓಡಿಬಂದು ಹಾರಿಹೋಗುವ ಕೆಲಸ ಇದಲ್ಲ. ಇಳಿಯುವುದೂ ಸಲೀಸಲ್ಲ: ಬ್ರೇಕ್ ಇಲ್ಲ, ಹಿಂದೆ ಚಕ್ರದ ಬದಲು ಮರದ ಬಾಲಗಂಬಿ. ಹುಲ್ಲಿನ ಮೇಲೆ ಅದು ನೆಲ ಕೆರೆದು ವೇಗ ತಗ್ಗಿಸುತ್ತದೆ, ನೇರ ಹಿಡಿದಿಡುತ್ತದೆ. ಕಾಂಕ್ರೀಟಿನ ಮೇಲೆ ಜಾರುತ್ತದೆ. ನಾರ್ಟನ್‌ನಲ್ಲಿ ಟಾಲ್‌ಮನ್ ಎಷ್ಟು ಸರಾಗವಾಗಿ ಇಳಿಸಿದ್ದಾರೆ ಎಂಬುದರ ಬೆಲೆ ಗೊತ್ತಾಗುವುದು ಆಗಲೇ.

ಈಗ ದೋಷಗಳಿಗೆ ಬರೋಣ. ನ್ಯೂಪೋರ್ಟ್ 28 ಮೊದಲ ಬಾರಿ ಹಾರಿದ್ದೇ 1917ರ ಜೂನ್‌ನಲ್ಲಿ, ಅಂದರೆ ಡೆಕರ್ ಅದರಲ್ಲಿ ಮೋಡ ಹೊಕ್ಕ ಮೂರು ತಿಂಗಳ ಮೇಲೆ! ಬ್ರಿಟಿಷರು ಅದನ್ನು ರಣರಂಗದಲ್ಲಿ ಬಳಸಲೇ ಇಲ್ಲ. ಫ್ರೆಂಚರು ಅದರ ಬದಲು ಸ್ಪ್ಯಾಡ್ 13 ಎಂಬ ವಿಮಾನವನ್ನು ಆರಿಸಿಕೊಂಡದ್ದರಿಂದ, ವಿಮಾನವಿಲ್ಲದೆ ಕೈಕಟ್ಟಿ ಕೂತಿದ್ದ ಅಮೆರಿಕನ್ನರು 297 ನ್ಯೂಪೋರ್ಟ್ 28ಗಳನ್ನು ಕೊಂಡರು. ಡೆಕರ್ ತನ್ನದೆಂದು ಹೇಳುವ 56ನೇ ಸ್ಕ್ವಾಡ್ರನ್ (ವಾಯುದಳ) ಫ್ರಾನ್ಸ್‌ಗೆ ಬಂದದ್ದು 1917ರ ಏಪ್ರಿಲ್ 7ರಂದು, ಅದೂ ಎಸ್‌ಇ5 ವಿಮಾನಗಳೊಂದಿಗೆ. ಆ ಸ್ಕ್ವಾಡ್ರನ್‌ನಲ್ಲಿ ನ್ಯೂಪೋರ್ಟ್ ಇರಲೇ ಇಲ್ಲವೆಂದೂ ಅಲ್ಲ: ಹೆಸರಾಂತ ಪೈಲಟ್ ಆಲ್ಬರ್ಟ್ ಬಾಲ್‌ಗೆ ಎಸ್‌ಇ5 ಹಿಡಿಸದೆ, ತನಗಾಗಿ ಒಂದು ನ್ಯೂಪೋರ್ಟ್ 17 ಇಟ್ಟುಕೊಳ್ಳಲು ಅನುಮತಿ ಪಡೆದಿದ್ದ. ಇನ್ನು ದರ್ಜೆ. ನಾಟಕ ಡೆಕರ್‌ನನ್ನು ಫ್ಲೈಟ್ ಲೆಫ್ಟಿನೆಂಟ್ ಎನ್ನುತ್ತದೆ. ರಾಯಲ್ ಫ್ಲೈಯಿಂಗ್ ಕೋರ್ ಭೂಸೇನೆಯ ಅಂಗವಾಗಿದ್ದರಿಂದ ಅಲ್ಲಿ ಲೆಫ್ಟಿನೆಂಟ್, ಕ್ಯಾಪ್ಟನ್ ಎಂಬ ದರ್ಜೆಗಳೇ ಇದ್ದವು. ಆಗ ಫ್ಲೈಟ್ ಲೆಫ್ಟಿನೆಂಟ್‌ಗಳಿದ್ದದ್ದು ನೌಕಾದಳದ ವಾಯು ವಿಭಾಗದಲ್ಲಿ. ರಾಯಲ್ ಏರ್ ಫೋರ್ಸ್‌ಗೆ ಆ ದರ್ಜೆ ಬಂದದ್ದು 1919ರಲ್ಲಿ.

ಸರಿಯಾಗಿ ಬರೆದಿದ್ದರೆ ಹೇಗಿರುತ್ತಿತ್ತು? 60ನೇ ಸ್ಕ್ವಾಡ್ರನ್‌ನ ಲೆಫ್ಟಿನೆಂಟ್ ಡೆಕರ್, 110 ಅಶ್ವಶಕ್ತಿಯ ನ್ಯೂಪೋರ್ಟ್ 17, ಮೇಲಿನ ರೆಕ್ಕೆಯ ಮೇಲೆ ಒಂದೇ ಒಂದು ಲೂಯಿಸ್ ಮೆಷಿನ್ ಗನ್. ಗುಂಡಿನ ಡಬ್ಬಿ ಬದಲಿಸಲು ಗನ್ನನ್ನು ಹಳಿಯ ಮೇಲೆ ಕೆಳಗೆ ಜಾರಿಸಿಕೊಂಡು, ಗಾಳಿಯಲ್ಲಿ ಹೋರಾಡುತ್ತ, ವಿಮಾನವನ್ನೂ ಹಿಡಿದುಕೊಂಡಿರಬೇಕು. ಏಳು ಮಂದಿಯ ಮಧ್ಯೆ ಅದನ್ನು ಮಾಡಬೇಕೆಂದರೆ ಹೇಡಿಯಲ್ಲದವನಿಗೂ ಕೈ ನಡುಗುತ್ತದೆ. ವಿಮಾನದ ತಪ್ಪನ್ನು ಕ್ಷಮಿಸಬಹುದು, ಕ್ಯಾಲಿಫೋರ್ನಿಯಾದಲ್ಲಿ ಹಾರುವ ಸ್ಥಿತಿಯಲ್ಲಿ ಸಿಕ್ಕಿದ ನ್ಯೂಪೋರ್ಟ್ ಅದು. ದರ್ಜೆಯ ತಪ್ಪಿಗೆ ಆ ನೆಪವೂ ಇಲ್ಲ. ತಿದ್ದಲು ಒಂದು ಪದ ಹೊಡೆದುಹಾಕಿದ್ದರೆ ಸಾಕಿತ್ತು.

ತಾರೀಖಿನ ಆಯ್ಕೆ ಮಾತ್ರ ಚೆನ್ನಾಗಿದೆ. 1917ರ ಮಾರ್ಚ್ ಅಂದರೆ 'ರಕ್ತಸಿಕ್ತ ಏಪ್ರಿಲ್' ಎಂದು ಹೆಸರಾದ ತಿಂಗಳ ಹೊಸ್ತಿಲು. ಆ ಒಂದು ತಿಂಗಳಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸುಮಾರು 245 ವಿಮಾನಗಳನ್ನು ಕಳೆದುಕೊಂಡಿತು. ಅದರ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಡೆಕರ್‌ನ ಭಯಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಸ್ಥಳದ ವಿಚಾರದಲ್ಲಿ ಇತಿಹಾಸವೇ ನಾಟಕಕ್ಕಿಂತ ಒಂದು ಹೆಜ್ಜೆ ಮುಂದಿದೆ. ಫ್ರಾನ್ಸ್‌ನ ಟೂಲ್ ಪಟ್ಟಣದ ಬಳಿಯ ಮೈದಾನದಿಂದಲೇ 1918ರ ಏಪ್ರಿಲ್ 14ರಂದು ಅಮೆರಿಕದ 94ನೇ ಸ್ಕ್ವಾಡ್ರನ್‌ನ ಇಬ್ಬರು ನ್ಯೂಪೋರ್ಟ್ 28ರಲ್ಲಿ ಮೇಲೇರಿ ತಮ್ಮ ದಳದ ಮೊದಲ ಜಯ ಗಳಿಸಿದರು. 1950ರ ದಶಕದಲ್ಲಿ ಅದೇ ಟೂಲ್ ಬಳಿ ಅಮೆರಿಕದ ಜೆಟ್ ನೆಲೆಯೊಂದಿತ್ತು. ಅಂದರೆ ನ್ಯೂಪೋರ್ಟ್ 28 ಒಂದು ದಾರಿ ತಪ್ಪಿ ನಲವತ್ತು ವರ್ಷ ತಡವಾಗಿ ಮನೆಗೆ ಬಂದರೆ, ಅದನ್ನು ಎದುರುಗೊಳ್ಳಲು ಅಮೆರಿಕನ್ನರೇ ಅಲ್ಲಿರುತ್ತಿದ್ದರು.

ಮರುಭೂಮಿಯ ತಮ್ಮ

ಅದೇ ಸರಣಿಯ ಎರಡನೇ ವರ್ಷ ಶುರುವಾದದ್ದೂ ಸೇನಾ ವಿಮಾನದ ಕಥೆಯಿಂದಲೇ: 1960ರ ಸೆಪ್ಟೆಂಬರ್ 30ರ 'ಕಿಂಗ್ ನೈನ್ ವಿಲ್ ನಾಟ್ ರಿಟರ್ನ್', ಬರೆದವರು ಸರ್ಲಿಂಗ್. ಮರುಭೂಮಿಯಲ್ಲಿ ಬಿದ್ದ ಬಿ-25 ಬಾಂಬರ್ ಪಕ್ಕದಲ್ಲಿ ಕ್ಯಾಪ್ಟನ್ ಒಬ್ಬನೇ ಕಣ್ಣು ಬಿಡುತ್ತಾನೆ, ಸಿಬ್ಬಂದಿ ಒಬ್ಬರೂ ಇಲ್ಲ. ಇದರ ಹಿಂದೆ ಆಗಷ್ಟೇ ಸುದ್ದಿಯಾಗಿದ್ದ ನಿಜ ಘಟನೆಯಿದೆ. 'ಲೇಡಿ ಬಿ ಗುಡ್' ಎಂಬ ಬಿ-24 ಬಾಂಬರ್ 1943ರ ಏಪ್ರಿಲ್ 4ರಂದು ಲಿಬಿಯಾದಿಂದ ನೇಪಲ್ಸ್ ಕಡೆಗೆ ಹೋಗಿ ಮರಳಲಿಲ್ಲ. ಸಮುದ್ರಕ್ಕೆ ಬಿದ್ದಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. 1958ರಲ್ಲಿ ತೈಲ ಹುಡುಕುತ್ತಿದ್ದವರಿಗೆ ಕರಾವಳಿಯಿಂದ 700 ಕಿಲೋಮೀಟರ್ ಒಳಗೆ ಮರಳ ಮೇಲೆ ಕಂಡಿತು.

ಕಾರಣ ದೆವ್ವವಲ್ಲ, ರೇಡಿಯೋ. ರಾತ್ರಿ ಪೈಲಟ್ ದಿಕ್ಕು ಕೇಳಿದಾಗ ನೆಲದ ಕೇಂದ್ರ 330 ಡಿಗ್ರಿ, ಅಂದರೆ ವಾಯವ್ಯದ ಸಮುದ್ರದ ಕಡೆ, ಎಂದಿತು. ಬಳೆಯಾಕಾರದ ಆ್ಯಂಟೆನಾ ಸಂಕೇತ ಯಾವ ಗೆರೆಯ ಮೇಲಿದೆ ಎಂದು ಹೇಳುತ್ತದೆ, ಗೆರೆಯ ಯಾವ ತುದಿಯಲ್ಲಿದೆ ಎಂದು ಹೇಳುವುದಿಲ್ಲ. ವಿಮಾನ ಇನ್ನೂ ಸಮುದ್ರದ ಮೇಲೆ ಬರುತ್ತಿದೆ ಎಂದುಕೊಂಡರು. ಅದಾಗಲೇ ನೆಲೆಯನ್ನು ದಾಟಿ ಮರುಭೂಮಿಯತ್ತ ಹೋಗಿತ್ತು, ಗೆರೆ ಅದೇ. ಒಂಬತ್ತು ಮಂದಿಯೂ ಪ್ಯಾರಾಚೂಟಿನಲ್ಲಿ ಹಾರಿದರು; ಖಾಲಿ ವಿಮಾನ ತಾನಾಗಿ ಇನ್ನಷ್ಟು ದೂರ ಹೋಗಿ ಹೊಟ್ಟೆಯ ಮೇಲೆ ಇಳಿಯಿತು. 1960ರಲ್ಲಿ ಎಂಟು ಮಂದಿಯ ಅವಶೇಷ ಸಿಕ್ಕಿತು, ಒಬ್ಬರದು ಸಿಗಲೇ ಇಲ್ಲ. (ಇದೇ ಬಿ-24 ಜಾತಿಯ, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ 40ಕ್ಕೂ ಹೆಚ್ಚು ವಿಮಾನಗಳಿಗೆ ಬೆಂಗಳೂರಿನ ಎಚ್‌ಎಎಲ್ ಮರುಜೀವ ಕೊಟ್ಟಿತ್ತು, ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು.)

ಸರ್ಲಿಂಗ್ ನಾಟಕದಲ್ಲಿ ಕೊನೆಗೆ ಕ್ಯಾಪ್ಟನ್ ಇರುವುದು 1960ರ ಆಸ್ಪತ್ರೆಯಲ್ಲಿ. ಕಾಯಿಲೆಯಿಂದ ಆ ಹಾರಾಟ ತಪ್ಪಿಸಿಕೊಂಡಿದ್ದವನು, ಪತ್ರಿಕೆಯ ಸುದ್ದಿ ನೋಡಿ ಕುಸಿದಿದ್ದಾನೆ. ಎಲ್ಲ ಭ್ರಮೆ ಎಂದು ವೈದ್ಯರು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವನ ಶೂನಿಂದ ಮರಳು ಸುರಿಯುತ್ತದೆ. ಕುರುಹು ಒಂದೇ, ಬರುವುದೂ ಕಟ್ಟಕಡೆಗೆ. ಮ್ಯಾಥೆಸನ್ ಹಾಗೆ ಬಚ್ಚಿಡಲಿಲ್ಲ. ಅವರ ಕುರುಹುಗಳು ಮೊದಲಿನಿಂದಲೂ ಜನರಲ್‌ನ ಮುಂದೆ ಬಿದ್ದಿರುತ್ತವೆ.

ಗಂಟು

ಕಾಲದಾಟದ ಕಥೆ ನಮಗೆ ಹೊಸದಲ್ಲ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಸಂಗೀತ ಮುಗಿಯಲೆಂದು ಕ್ಷಣಹೊತ್ತು ಕಾಯುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಉರುಳಿರುತ್ತವೆ. ಆದರೆ ಕಕುದ್ಮಿಗೆ ಹಿಂದಿರುಗುವ ದಾರಿಯಿಲ್ಲ, ಹೋದದ್ದು ಹೋಯಿತು. ಡೆಕರ್ ಹಿಂದಿರುಗುತ್ತಾನೆ, ಅಲ್ಲೇ ತರ್ಕದ ಗಂಟು ಬೀಳುವುದು.

ಅವನು ಭೂತಕಾಲವನ್ನು ಬದಲಿಸುತ್ತಿಲ್ಲ ಎಂಬುದು ಇಲ್ಲಿ ಮುಖ್ಯ. 1959ರ ಮೆಕೇ ಬದುಕಿದ್ದಾನೆ. ಅಂದರೆ ಡೆಕರ್ ಮರಳಿ ಹೋಗಿ ಕಾಪಾಡಿದ್ದು ಆಗಲೇ ನಡೆದುಹೋಗಿದೆ, ಅವನು ಇನ್ನೂ ಹೊರಟಿಲ್ಲ ಅಷ್ಟೆ. ಮೆಕೇ ಬದುಕಿದ ಸುದ್ದಿ ಕೇಳಿ ಡೆಕರ್‌ಗೆ ಧೈರ್ಯ ಬಂತು, ಆ ಧೈರ್ಯದಿಂದ ಮೆಕೇ ಬದುಕಿದ. ಉಂಗುರದ ಹಾಗೆ, ತುದಿ ಹುಡುಕಿದರೆ ಸಿಗುವುದಿಲ್ಲ. ಹಾಗಿದ್ದರೆ ಗೆಲುವು ಖಾತ್ರಿಯಾದ ಆಟದಲ್ಲಿ ಧೈರ್ಯವೆಲ್ಲಿ ಬಂತು ಎಂದು ಕೇಳಬಹುದು. ಮ್ಯಾಥೆಸನ್ ಮಾಹಿತಿಯನ್ನು ಸೀಳಿ ಅರ್ಧ ಮಾತ್ರ ಕೊಟ್ಟಿದ್ದಾರೆ: ಮೆಕೇ ಉಳಿದ ಎಂದು ಡೆಕರ್‌ಗೆ ಗೊತ್ತು, ತಾನು ಉಳಿಯುತ್ತೇನೆಯೇ ಎಂದು ಗೊತ್ತಿಲ್ಲ. ಆ ಇನ್ನರ್ಧ ನಮಗೆ ತಿಳಿಯುವುದು ಅವನು ಹೋದ ಮೇಲೆ.

ವಿಲ್ಸನ್ ಪಿಸ್ತೂಲು ಹಿಡಿದೂ ಗುಂಡು ಹಾರಿಸದೆ ಅವನನ್ನು ಬಿಡುತ್ತಾನೆ. ನ್ಯೂಪೋರ್ಟ್ ಮೋಡದೊಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮುದಿ ಮೆಕೇ ಬರುತ್ತಾರೆ. ಡೆಕರ್ ಎಂಬವನು ಗೊತ್ತೇ ಎಂದು ಕೇಳಿದರೆ, ಗೊತ್ತಿಲ್ಲದೆ ಏನು, ನನ್ನ ಪ್ರಾಣ ಉಳಿಸಿದವನು ಎನ್ನುತ್ತಾರೆ: ಮೋಡದೊಳಗೆ ಮಾಯವಾದ, ಓಡಿಹೋದನೆಂದುಕೊಂಡೆ, ಇದ್ದಕ್ಕಿದ್ದಂತೆ ಹೊರಬಂದು ಎರಗಿದ, ಮೂರು ವಿಮಾನ ಕೆಡವಿ ತಾನೂ ಬಿದ್ದ. ಹಾರ್ಪರ್ ಮೇಜಿನ ಮೇಲೆ ಇದ್ದ ಗುರುತಿನ ಚೀಟಿ ತೋರಿಸುತ್ತಾರೆ. ಮುದುಕ ಅದನ್ನು ದಿಟ್ಟಿಸಿ, ಇದು ನಿಮಗೆಲ್ಲಿ ಸಿಕ್ಕಿತು ಎಂದು ಗದರುತ್ತಾನೆ. ಆಗ ವಿಲ್ಸನ್ ಅವರನ್ನು ಕೂರಲು ಹೇಳುತ್ತಾನೆ, ಏರ್ ವೈಸ್ ಮಾರ್ಷಲ್ ಎಂದಲ್ಲ, 1917ರಲ್ಲಿ ಸ್ಕ್ವಾಡ್ರನ್ ಗೆಳೆಯರು ಇಟ್ಟಿದ್ದ ಅಡ್ಡಹೆಸರು ಹಿಡಿದು: 'ಲೆಡ್‌ಬಾಟಮ್'.